ಬಲಗಡೆ ಕಿಟಕಿಯಿಂದ ಕಂಡ ತಾರಸಿ

ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಬರಬೇಕಾದ ಕೂಲಿ ಇವತ್ತಿಗೂ ಬಂದಿಲ್ಲ. ತಾರಸಿಯ ಮೇಲಿನ ತಗಡಿನ ಚಪ್ಪರ ಕಿತ್ತು ಹೋಯಿತು, ಮೋಟುಗೋಡೆ ಒಡೆಯಿತು, ಆ ನಷ್ಟಕ್ಕೆ ಮುರಿದುಕೊಂಡಿದ್ದೇನೆ ಅನ್ನುತ್ತಾನೆ ಲಾಂಡ್ರಿ ಮಾಲೀಕ. ಚಪ್ಪರ ಕಿತ್ತದ್ದು ಹೆಂಗಸರಲ್ಲ. ಯಾರು ಕಿತ್ತದ್ದು ಅನ್ನುವುದು ಬಹಳ ದಿನ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರೂ ಒಂದೇ ವಿಮಾನದ ಮೂತಿಯಲ್ಲಿ ಅಕ್ಕಪಕ್ಕ ಕೂತಿದ್ದವರು. ಅವರಲ್ಲಿ ದೊಡ್ಡವನ ಕಥೆ ಇದು. ಅವನನ್ನು ಬೈಯುವುದಕ್ಕೆ ಬರೆಯುತ್ತಿಲ್ಲ. ಹೊಗಳುವುದಕ್ಕಂತೂ ಅಲ್ಲವೇ ಅಲ್ಲ.

ಜೊತೆಯ ಪೈಲಟ್‌ಗಳು ಅವನನ್ನು ಟೈಲರ್ ಅನ್ನುತ್ತಿದ್ದರು. ಹೊಲಿಗೆ ಮಷಿನ್ನು ಮುಟ್ಟಿದವನಲ್ಲ. ಅಂಗಿಯ ಗುಂಡಿ ಕಿತ್ತರೂ ಹೆಂಡತಿಯನ್ನೇ ಕೂಗುವ ಆಸಾಮಿ. ಆದರೆ ಆ ಊರಿನ ಹಳೇ ವಿಮಾನ ನಿಲ್ದಾಣಕ್ಕೆ ಇಳಿಯುವಾಗ ಅಷ್ಟು ದೊಡ್ಡ ವಿಮಾನವನ್ನು ಅವನು ತಿರುಗಿಸುತ್ತಿದ್ದ ರೀತಿ, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಆಡಿಸಿದ ಹಾಗಿರುತ್ತಿತ್ತು.

ಆ ನಿಲ್ದಾಣದ ಕಷ್ಟ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೇರೆ ಕಡೆ ರೇಡಿಯೊ ಕಿರಣ ಹಿಡಿದು ನೆಟ್ಟಗೆ ಬಂದರೆ ರನ್‌ವೇ ಬಾಗಿಲಿಗೇ ತಲುಪುತ್ತೀರಿ. ಇಲ್ಲಿ ಹಾಗೆ ಬಂದರೆ ಗುಡ್ಡಕ್ಕೆ ಹೋಗಿ ಗುದ್ದುತ್ತೀರಿ. ಆ ಗುಡ್ಡದ ಎದೆಯ ಮೇಲೆ ಕಿತ್ತಳೆ ಮತ್ತು ಬಿಳಿ ಚೌಕಗಳ ಭಾರೀ ಹಲಗೆಯೊಂದನ್ನು ನಿಲ್ಲಿಸಿದ್ದಾರೆ. ಪೈಲಟ್ ಆ ಹಲಗೆಗೆ ಮೂತಿ ಕೊಟ್ಟು ಬರಬೇಕು. ಹಲಗೆ ಕಣ್ಣಿಗೆ ಬಿದ್ದಮೇಲೆ ಯಂತ್ರದ ಸಹಾಯ ಆರಿಸಿ, ಕೈಯಿಂದಲೇ ಬಲಕ್ಕೆ ವಾಲಿಸಿ, ಬರೀ ಕಣ್ಣಳತೆಯಲ್ಲಿ ತಿರುಗುತ್ತ, ಜನರ ತಾರಸಿಗಳ ಮೇಲೆ ಇಳಿಯುತ್ತ, ತಿರುವು ಮುಗಿಯುವ ಹೊತ್ತಿಗೆ ರನ್‌ವೇ ಮೂಗಿನ ಮುಂದೆ ಬಂದಿರುವಂತೆ ನೋಡಿಕೊಳ್ಳಬೇಕು. ಹಲಗೆ ಕಾಣಲಿಲ್ಲವೋ, ತಿರುವು ಕೆಟ್ಟಿತೋ, ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೇಲೆದ್ದು ಇನ್ನೊಂದು ಸುತ್ತು ಬರಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ ಅಂತ ನಿಯಮ ಹೇಳುತ್ತದೆ. ಇದೆ ಅಂತ ಪೈಲಟ್‌ಗಳ ಕ್ಯಾಂಟೀನು ಹೇಳುತ್ತದೆ.

ಹಲಗೆ ಸರ್ಕಾರದ ಗುರುತು. ಪೈಲಟ್‌ಗಳಿಗೆ ಬಾಯಿಂದ ಬಾಯಿಗೆ ಬಂದ ಇನ್ನೊಂದು ಗುರುತಿತ್ತು. ತಿರುವಿನ ಜಾಗದ ಆಚೆಗೆ, ಸ್ವಲ್ಪ ಎಡಕ್ಕೆ, ಒಂದು ನಾಲ್ಕಂತಸ್ತಿನ ಕಟ್ಟಡ. ಅದರ ತಾರಸಿಯ ತುಂಬ ಆಸ್ಪತ್ರೆಯ ಬಿಳಿ ಹಾಸಿಗೆಬಟ್ಟೆ ಒಣಗುತ್ತಿತ್ತು. ಮಂಜು ಮುಸುಕಿದ್ದರೂ, ಹೊಗೆ ಕವಿದಿದ್ದರೂ, ಹಲಗೆಯ ಬಣ್ಣ ಮಂಕಾಗಿದ್ದರೂ ಆ ಬಿಳುಪು ಮಾತ್ರ ಎದ್ದು ಕಾಣುತ್ತಿತ್ತು. ಟೈಲರ್‌ಗೆ ಕಲಿಸಿದ ಹಳೇ ಕ್ಯಾಪ್ಟನ್ ಅದಕ್ಕೆ ಅತ್ತೆ ಮನೆ ಅಂತ ಹೆಸರಿಟ್ಟಿದ್ದ.

"ಹಲಗೆ ನೋಡು ಅಂತ ಪುಸ್ತಕ ಹೇಳುತ್ತೆ. ನೋಡು, ಬೇಡ ಅನ್ನಲ್ಲ. ಆದ್ರೆ ತಿರುಗೋದು ಮಾತ್ರ ಅತ್ತೆ ಮನೆ ನೋಡ್ಕೊಂಡು. ಎಡಗಡೆ ಬಾಗಿಲು ಕಾಣ್ತಿದ್ದ ಹಾಗೇ ಬಲಕ್ಕೆ ತಿರುಗ್ಬಿಡು. ಒಳಗೆ ಹೋದ್ಯೋ, ಸುಲಭಕ್ಕೆ ಬಿಡೋದಿಲ್ಲ!"

ಟೈಲರ್‌ಗೆ ಈ ಪಾಠ ಹೊಸದೇನಲ್ಲ. ಅವನ ಅಪ್ಪ ಸಿಟಿ ಬಸ್ಸಿನ ಡ್ರೈವರ್. ಇಕ್ಕಟ್ಟಾದ ಬೀದಿಯೊಂದರಲ್ಲಿ ಬಸ್ಸು ತಿರುಗಿಸುವಾಗ ಅಪ್ಪ ಬೀದಿ ನೋಡುತ್ತಿರಲಿಲ್ಲ, ಮೂಲೆಯ ಕ್ಷೌರದಂಗಡಿಯ ಕನ್ನಡಿ ನೋಡುತ್ತಿದ್ದ. ಕನ್ನಡಿಯಲ್ಲಿ ಬಸ್ಸಿನ ದೀಪ ಕಂಡ ಕೂಡಲೇ ಸ್ಟೀರಿಂಗು ತಿರುಗಿಸುತ್ತಿದ್ದ. ಒಂದು ದಿನ ಕ್ಷೌರದವನು ಕನ್ನಡಿ ಕೆಳಗಿಳಿಸಿ ಒರೆಸುತ್ತ ಕೂತಿದ್ದಾನೆ. ಅಪ್ಪ ಬಸ್ಸು ನಿಲ್ಲಿಸಿದ. ಇಳಿದು, ಮೂಲೆಯವರೆಗೂ ನಡೆದು, ಗೋಡೆಗೂ ಬಸ್ಸಿಗೂ ಎಷ್ಟು ಸಂದಿದೆ ನೋಡಿ ಬಂದು, ಹಿಂದಕ್ಕೆ ತಗೊಂಡು ತಿರುಗಿಸಿದ. ಹಿಂದಿನ ಗಾಡಿಯವರೆಲ್ಲ ಅಪ್ಪನ ವಂಶವನ್ನೇ ಎತ್ತಿ ಆಡಿದರು. ಪಕ್ಕದ ಸೀಟಿನಲ್ಲಿ ಕೂತಿದ್ದ ಮಗನಿಗೆ ಅವಮಾನದಿಂದ ಮೈಯೆಲ್ಲ ಬಿಸಿಯಾಗಿತ್ತು.

ವಿಮಾನ ಹಾರಿಸುವವನಾದ ಮೇಲೆ ಅಪ್ಪನಿಂದ ಅವನು ತಂದದ್ದು ಕನ್ನಡಿಯ ಚಾಳಿಯನ್ನು ಮಾತ್ರ. ನಿಲ್ಲಿಸಿ ಇಳಿದು ನೋಡುವ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.

ಆ ದಿನ ಮಧ್ಯಾಹ್ನ. ಹೊಗೆಯೂ ಮಂಜೂ ಕಲಸಿ ಊರಿನ ಮೇಲೆ ಹಳಸಿದ ಗಂಜಿಯಂತೆ ಕವಿದಿತ್ತು. ವಿಮಾನ ತುಂಬಿತ್ತು. ಬಲಗಡೆ ಸೀಟಿನಲ್ಲಿ ಎರಡನೇ ಪೈಲಟ್. ತರಬೇತಿಗೆ ತೆಗೆದ ಸಾಲ ತೀರದ ಚಿಕ್ಕ ವಯಸ್ಸಿನವನು, ಎಲ್ಲರ ಬಾಯಲ್ಲೂ ಮರಿ.

"ಹಲಗೆ ಕಾಣ್ತಿದೆ ಸರ್," ಅಂದ ಮರಿ.

"ಹೂಂ," ಅಂದ ಟೈಲರ್. ಯಂತ್ರದ ಸಹಾಯ ಆರಿಸಿದ. ಕೈಗೆ ವಿಮಾನದ ಭಾರ ಬಂತು. ಎಡಗಣ್ಣ ಮೂಲೆಯಲ್ಲಿ ಬಿಳುಪು ಹುಡುಕಿದ. ಇಲ್ಲ.

"ಅತ್ತೆ ಮನೆ ಎಲ್ಲಯ್ಯಾ?"

"ಇವತ್ತು ಬಟ್ಟೆ ಹಾಕಿಲ್ಲ ಅನ್ಸುತ್ತೆ ಸರ್. ಹಲಗೆ ಎದುರಿಗೇ ಇದೆ. ತಿರುಗ್ಬೇಕು."

ಹಲಗೆ ಎದುರಿಗೇ ಇತ್ತು. ಆದರೆ ವರ್ಷಗಟ್ಟಲೆ ಅವನು ಆ ಹಲಗೆಯನ್ನು ನಿಜವಾಗಿ ನೋಡಿಯೇ ಇರಲಿಲ್ಲ. ಎಷ್ಟು ದೊಡ್ಡದಾದಾಗ ತಿರುಗಬೇಕು ಅನ್ನುವುದು ಕಣ್ಣಿಗೆ ಮರೆತಿತ್ತು. ಎರಡು ಉಸಿರಿನಷ್ಟು ಹೊತ್ತು ಬಿಳುಪನ್ನೇ ಹುಡುಕಿದ. ಅಷ್ಟು ದೊಡ್ಡ ವಿಮಾನಕ್ಕೆ ಎರಡು ಉಸಿರು ಅಂದರೆ ಒಂದು ಬೀದಿ ದಾಟಿದ ಹಾಗೆ.

"ಸರ್! ಮೇಲೆ ಹೋಗೋಣ. ಇನ್ನೊಂದು ಸುತ್ತು ಬರೋಣ ಸರ್."

"ಸುಮ್ನಿರು. ಸಿಕ್ತು."

ಸಿಕ್ಕಿರಲಿಲ್ಲ. ಬಲಕ್ಕೆ ವಾಲಿಸಿದ, ಎಂದಿಗಿಂತ ಜಾಸ್ತಿ, ಎಂದಿಗಿಂತ ಕೆಳಗೆ. ಎಡಕ್ಕೆ ಇರಬೇಕಾದ ತಾರಸಿ ಆಗ ಕಂಡಿತು, ಬಲಗಡೆಯ ರೆಕ್ಕೆಯ ಕೆಳಗೆ. ಬಿಳಿ ಬಟ್ಟೆ ಒಂದೂ ಇಲ್ಲ. ಬರೀ ಹಗ್ಗಗಳು, ತಗಡಿನ ಚಪ್ಪರ, ಮತ್ತೆ ಜನ. ಮುಖ ಮೇಲೆತ್ತಿದ ಹೆಂಗಸರು. ಅದೆಲ್ಲ ಹಿಂದೆ ಸರಿಯಿತು, ರನ್‌ವೇ ಮುಂದೆ ಬಂತು, ಚಕ್ರ ನೆಲ ಮುಟ್ಟಿತು. ಒಳಗೆ ಜನ ಚಪ್ಪಾಳೆ ತಟ್ಟಿದರು.

ಇಳಿಯುವವರಿಗೆ ನಮಸ್ಕಾರ ಹೇಳಲು ಬಾಗಿಲಲ್ಲಿ ನಿಂತಿದ್ದಾಗ, ಕನ್ನಡಕದ ಹಿರಿಯರೊಬ್ಬರು ಅವನ ಕೈ ಹಿಡಿದು ಕುಲುಕಿದರು.

"ಎಂಥಾ ತಿರುವು ಹೊಡೆದ್ರಿ ಕ್ಯಾಪ್ಟನ್! ನಾನು ಬಲಗಡೆ ಕಿಟಕಿ ಪಕ್ಕಾನೇ ಇದ್ದೆ. ಬಟ್ಟೆ ಒಗೆಯೋರ ಮುಖ ಎಲ್ಲಾ ಕಾಣ್ತು. ಒಬ್ಬಳು ನನಗೇ ಕೈ ಬೀಸಿದ್ಲು!"

ಟೈಲರ್ ನಕ್ಕ. ಮರಿ ನಗಲಿಲ್ಲ.

ದೊಡ್ಡ ವಿಮಾನ ತಲೆ ಮೇಲೆ ಹಾದು ಹೋದಾಗ ಏನೂ ಆಗುವುದಿಲ್ಲ, ಬರೀ ಸದ್ದು. ಅಪಾಯ ಆಮೇಲೆ ಬರುತ್ತದೆ. ರೆಕ್ಕೆಯ ತುದಿಯಿಂದ ಹಗ್ಗ ಹೊಸೆದಂತೆ ಸುರುಳಿ ಸುತ್ತಿಕೊಂಡ ಗಾಳಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಸರಿಯಾಗಿ ತಿರುಗಿದ ವಿಮಾನದ ಸುರುಳಿ ಈಚೆಯ ಬಯಲಿನ ಮೇಲೆ ಬಿದ್ದು ಕರಗುತ್ತದೆ. ಆ ದಿನ ಅದು ಲಾಂಡ್ರಿಯ ತಾರಸಿಗೆ ಇಳಿಯಿತು.

ತಾರಸಿಯಲ್ಲಿ ಬಟ್ಟೆ ಯಾಕಿರಲಿಲ್ಲ ಅಂದರೆ, ಹೆಂಗಸರು ಕೆಲಸ ನಿಲ್ಲಿಸಿದ್ದರು. ಬಾಕಿ ಕೂಲಿ ಕೊಡುವವರೆಗೂ ಒಂದು ದಿಂಬಿನ ಚೀಲವನ್ನೂ ಹಗ್ಗಕ್ಕೆ ಹಾಕುವುದಿಲ್ಲ ಅಂತ ಪಟ್ಟು. ಗೇಟಿನ ಮುಂದೆ ಗುಂಪು ಸೇರಿದರೆ ಓಡಿಸುತ್ತಿದ್ದರು, ಅದಕ್ಕೇ ಸಭೆ ತಾರಸಿಯಲ್ಲಿ. ಕರೆದವಳು ಅವರ ಮುಂದಾಳು, ಎಲ್ಲರಿಗೂ ದೊಡ್ಡಕ್ಕ. ವಿಮಾನದ ಸದ್ದಿಗೆ ಘೋಷಣೆ ಮುಳುಗಬಾರದು ಅಂತ ಬಲಗೈ ಎತ್ತಿ ಇನ್ನೂ ಜೋರಾಗಿ ಕೂಗಿದಳು. ಕನ್ನಡಕದ ಹಿರಿಯರಿಗೆ ಕೈ ಬೀಸಿದಂತೆ ಕಂಡದ್ದು ಅದೇ. ವಿಮಾನ ಹೋಯಿತು, ಸದ್ದು ತಗ್ಗಿತು, ಯಾರೋ ಏನೋ ತಮಾಷೆ ಮಾಡಿದರು, ನಕ್ಕರು. ಆಗ ಚಪ್ಪರ ಎದ್ದಿತು. ಒಂದು ತಗಡು ಮೋಟುಗೋಡೆಯನ್ನು ಸೀಳಿಕೊಂಡು ಹೋಯಿತು. ಇನ್ನೊಂದು ದೊಡ್ಡಕ್ಕನ ಮೊಣಕೈಯನ್ನು ಮುರಿಯಿತು.

ಹೆಂಗಸರು ದೂರು ಕೊಟ್ಟರು, ವಿಚಾರಣೆ ಅಂತ ಒಂದು ನಡೆಯಿತು. ವಿಮಾನಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹಾಗಾಗಿ ಅದರ ದಾಖಲೆ ಪೆಟ್ಟಿಗೆಯನ್ನು ಯಾರೂ ತೆಗೆಸಲಿಲ್ಲ. ಆ ಪೆಟ್ಟಿಗೆಯೋ, ಹಳೆಯದರ ಮೇಲೆ ಹೊಸದನ್ನು ತಾನೇ ಬರೆದುಕೊಳ್ಳುವ ಜಾತಿಯದು. ನಿಲ್ದಾಣದ ಟವರಿನಲ್ಲಿ ಕೂತು ನೋಡುವವರಿಗೆ ಆ ಕಟ್ಟಡ ಗುಡ್ಡದ ಮರೆ. ಉಳಿದದ್ದು ಇಬ್ಬರು ಪೈಲಟ್‌ಗಳ ಬಾಯಿ. ಮೇಜಿನ ಆಚೆ ಕೂತ ಅಧಿಕಾರಿ ಟೀ ಲೋಟ ಪಕ್ಕಕ್ಕೆ ಸರಿಸಿ ಕೇಳಿದ:

"ಮಾಮೂಲಿ ದಾರೀಲೇ ಬಂದ್ರಲ್ವಾ ಕ್ಯಾಪ್ಟನ್?"

ಉತ್ತರವನ್ನೂ ಒಳಗೇ ಇಟ್ಟು ಕೇಳಿದ ಪ್ರಶ್ನೆ. "ಹೌದು," ಅಂದ ಟೈಲರ್.

ಮರಿಯನ್ನು ಕೇಳಿದಾಗ ಅವನು ಟೈಲರ್‌ನ ಬೂಟು ನೋಡುತ್ತ "ಹೌದು" ಅಂದ.

ತಗಡು ಸರಿಯಾಗಿ ಬಿಗಿದಿರಲಿಲ್ಲ, ಅನುಮತಿಯಿಲ್ಲದೆ ತಾರಸಿಯಲ್ಲಿ ಜನ ಸೇರಿದ್ದರು ಅಂತ ತೀರ್ಮಾನವಾಯಿತು. ತಾರಸಿಗೆ ಬೀಗ ಬಿತ್ತು. ಬಟ್ಟೆ ಒಣಗಿಸಲು ಜಾಗವಿಲ್ಲದ ಮೇಲೆ ಆಸ್ಪತ್ರೆಯ ಕೆಲಸ ಯಂತ್ರದ ಲಾಂಡ್ರಿಯೊಂದರ ಪಾಲಾಯಿತು. ಮುಷ್ಕರ ಮುರಿಯಿತು. ಹೊಡೆದು ಮುರಿದಿದ್ದರೆ ಜನ ಇನ್ನಷ್ಟು ಗಟ್ಟಿಯಾಗುತ್ತಿದ್ದರು. ತಪ್ಪು ನಿಮ್ಮದೇ ಅಂತ ನಂಬಿಸಿ ಮುರಿದರು.

"ಯಾರೂ ಸತ್ತಿಲ್ವಲ್ಲಯ್ಯಾ," ಅಂದ ಕಂಪನಿಯ ಹಿರಿಯ ಪೈಲಟ್, ಟೈಲರ್‌ನ ಬೆನ್ನು ತಟ್ಟುತ್ತ. "ತಲೆ ಕೆಡಿಸ್ಕೋಬೇಡ. ಹೋಗಿ ಮಲಗು."

ಮಲಗಿದ. ನಿದ್ದೆ ಬರಲಿಲ್ಲ ಅಂದರೆ ಸುಳ್ಳು. ಚೆನ್ನಾಗೇ ಬರುತ್ತಿತ್ತು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ನಿದ್ದೆ ಕೆಟ್ಟದ್ದು ಹೆಂಡತಿಗೆ. ಅವಳು ಅದೇ ಆಸ್ಪತ್ರೆಯಲ್ಲಿ ಮೂಳೆ ವಾರ್ಡಿನ ನರ್ಸು. ಒಂದು ಸಂಜೆ ಊಟಕ್ಕೆ ಬಡಿಸುತ್ತ ಅಂದಳು:

"ಈ ಹೊಸ ಲಾಂಡ್ರಿಯವರ ಬಟ್ಟೆ ಹಪ್ಪಳ ಇದ್ದ ಹಾಗಿರುತ್ತೆ ರೀ. ಮೊದಲಿನ ಹೆಂಗಸರೇ ವಾಸಿ. ಪಾಪ, ಅವರ ದೊಡ್ಡಕ್ಕ ನಮ್ಮ ವಾರ್ಡಲ್ಲೇ ಇದ್ಲು. ಮೊಣಕೈ ಕೂಡಿತು, ಆದ್ರೆ ಮಡಚಿದ ಹಾಗೇ ನಿಂತುಬಿಡ್ತು. ಇನ್ನು ಆ ಕೈ ನೆಟ್ಟಗಾಗಲ್ಲ."

ಟೈಲರ್ ಲೋಟಕ್ಕೆ ಕೈ ಹಾಕಿದ. ನೀರು ಕುಡಿದ. "ಉಪ್ಪು ಜಾಸ್ತಿ ಆಯ್ತಾ?" ಅಂದಳು ಹೆಂಡತಿ. "ಇಲ್ಲ, ಸರಿ ಇದೆ," ಅಂದ. ಆ ವಾರ ಅವನು ಎಷ್ಟು ಸಲ ಹಾಗಂದನೋ.

ಅವನನ್ನು ಹೆಚ್ಚು ಕಾಡಿದ್ದು ಆಮೇಲಿನ ಇಳಿತಗಳು. ಅದೇ ದಾರಿ, ಅದೇ ಹಲಗೆ, ಎಡಕ್ಕೆ ಅದೇ ತಾರಸಿ, ಬೋಳು. ಈಗ ಅವನು ಹಲಗೆಯನ್ನೇ ನೋಡಿ ತಿರುಗುತ್ತಿದ್ದ, ಪರೀಕ್ಷೆಗೆ ಕೂತ ಹೊಸಬನಂತೆ. ಒಂದು ಸಲ ಸ್ವಲ್ಪ ಅನುಮಾನ ಬಂದದ್ದಕ್ಕೇ ಮೇಲೆದ್ದು ಇನ್ನೊಂದು ಸುತ್ತು ಬಂದ. ಕ್ಯಾಂಟೀನಿನಲ್ಲಿ, "ಏನೋ ಟೈಲರ್, ಅಳತೆ ತಪ್ಪೋಯ್ತಾ?" ಅಂತ ಕೆಣಕಿದರು. ಏನೂ ಅನ್ನಿಸಲಿಲ್ಲ. ಅವತ್ತು ಮರಿ ಹೇಳಿದಾಗಲೇ ಹೀಗೆ ಮೇಲೆದ್ದಿದ್ದರೆ ಆಗುತ್ತಿದ್ದದ್ದೂ ಇಷ್ಟೇ. ಇಷ್ಟು ಮಾತು, ಸ್ವಲ್ಪ ನಗು. ಅದನ್ನು ತಪ್ಪಿಸಿಕೊಳ್ಳಲು ಹೋಗಿ ಒಬ್ಬಳ ಕೈ ಮುರಿದಿದ್ದ. ಬಸ್ಸು ನಿಲ್ಲಿಸಿ ಬೈಸಿಕೊಳ್ಳುತ್ತ ಮೂಲೆಗೆ ನಡೆದ ಅಪ್ಪನ ಬೆನ್ನು ಅವನಿಗೆ ಮತ್ತೆ ಮತ್ತೆ ಕಾಣುತ್ತಿತ್ತು.

ರಜೆಯ ದಿನವೊಂದರಲ್ಲಿ ಮನೆಯ ಹಾಸಿಗೆಬಟ್ಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಬೀದಿಗೆ ಹೋದ. ಮೇಲಿಂದ ಬೆಂಕಿಪೊಟ್ಟಣದಷ್ಟಿದ್ದ ಕಟ್ಟಡ ಕೆಳಗಿಂದ ಆಕಾಶವನ್ನೇ ಮುಚ್ಚಿ ನಿಂತಿತ್ತು. ಗೋಡೆಗೆ ಸೈಕಲ್ ಒರಗಿಸಿದ್ದರು. ಮೋರಿಯಲ್ಲಿ ಸೋಪಿನ ನೊರೆ ಹರಿಯುತ್ತಿತ್ತು. ಕೆಳಗಿನ ಮನೆಯಲ್ಲಿ ಲಾಂಡ್ರಿ ಇನ್ನೂ ಕುಂಟುತ್ತಿತ್ತು, ಬೀದಿಯ ಮನೆಗಳ ಚಿಲ್ಲರೆ ಬಟ್ಟೆ ನಂಬಿಕೊಂಡು. ತಾರಸಿಯಿಲ್ಲದ ಮೇಲೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲೇ ಹಗ್ಗ ಕಟ್ಟಿದ್ದರು. ತೊಟ್ಟಿಯ ಪಕ್ಕ ಕೂತಿದ್ದವಳ ಬಲಗೈ ಮೊಣಕೈಯಲ್ಲಿ ಮಡಚಿ, ತುಕ್ಕು ಹಿಡಿದ ಬಾಗಿಲಿನಂತೆ ಅರ್ಧಕ್ಕೇ ನಿಂತಿತ್ತು. ಕೇಳಬೇಕಾಗಿರಲಿಲ್ಲ.

ಅವಳು ಬಟ್ಟೆ ತಗೊಂಡು ಬಿಡಿಸಿದಳು, ಮೂಸಿದಳು.

"ಏನಣ್ಣ, ಇದು ಒಗೆದಿರೋದೇ ಅಲ್ವಾ? ಇದಕ್ಕೆ ಸೋಪು ಹಾಕಿದ್ರೆ ಸೋಪಿಗೇ ಅವಮಾನ."

"ಇರ್ಲಿ. ಇನ್ನೊಂದ್ಸಲ ಒಗೀರಿ."

"ಹೆಂಡ್ತಿ ಒಗೆದಿದ್ದು ಹಿಡಿಸ್ಲಿಲ್ವಾ? ಹೇಳ್ಬಿಟ್ಟೀಯ ಅವಳ ಮುಂದೆ, ಆಮೇಲೆ ನಿನ್ನನ್ನೇ ಹಿಂಡಿ ಒಣಗಾಕ್ತಾಳೆ." ಆಚೆ ಕೂತಿದ್ದ ಇಬ್ಬರು ಹೆಂಗಸರು ನಗಲಿಲ್ಲ. ಅವರು ಇವಳ ಕಡೆ ತಿರುಗಿಯೂ ನೋಡದ್ದನ್ನು ಟೈಲರ್ ಗಮನಿಸಿದ. ದೊಡ್ಡಕ್ಕ ತೊಟ್ಟಿಯಿಂದ ದೊಡ್ಡದೊಂದು ಹೊದಿಕೆ ಎಳೆದು ಎಡಗೈಯಲ್ಲಿ ಅದರ ತುದಿ ಎತ್ತಿ ಹಿಡಿದಳು. "ಸುಮ್ನೆ ಯಾಕೆ ನಿಂತಿದೀಯ? ಆ ಕಡೆ ತುದಿ ಹಿಡ್ಕೋ."

ಹಿಡಿದುಕೊಂಡ. ಅವಳು ಹಿಂಡಿದಳು, ಇವನೂ ಹಿಂಡಿದ. ನೀರೇ ಬೀಳಲಿಲ್ಲ.

"ಅಯ್ಯೋ, ನಾನು ತಿರುಗಿಸಿದ ಕಡೇಗೇ ನೀನೂ ತಿರುಗಿಸಿದ್ರೆ ಅದು ಯಾವ ಕಾಲಕ್ಕೆ ನೀರು ಬಿಡುತ್ತೆ? ತಿರುಗಿಸೋಕೆ ಬರಲ್ವಾ ನಿಂಗೆ?"

ಇನ್ನೊಂದು ಕಡೆ ತಿರುಗಿಸಿದ. ನೀರು ಅವನ ಬೂಟಿನ ಮೇಲೆ ಸುರಿಯಿತು.

"ಒಳ್ಳೇ ಗಟ್ಟಿ ಕೈ. ಏನ್ ಕೆಲ್ಸ?"

"ಡ್ರೈವರ್," ಅಂದ.

"ಬಸ್ಸಾ?"

"ಹೂಂ... ನಮ್ಮಪ್ಪನೂ ಬಸ್ಸೇ."

ಅಷ್ಟರಲ್ಲಿ ಒಂದು ವಿಮಾನ ಬಂತು. ಅದರ ಸದ್ದನ್ನು ಅವನು ಯಾವತ್ತೂ ಕೆಳಗಿಂದ ಕೇಳಿರಲಿಲ್ಲ. ಹಲ್ಲು ಅದುರಿತು, ತನಗೇ ತಿಳಿಯದೆ ತಲೆ ಬಗ್ಗಿಸಿದ. ದೊಡ್ಡಕ್ಕ ಹೊದಿಕೆಯ ಅಂಚನ್ನು ಗದ್ದದಲ್ಲಿ ಒತ್ತಿ ಹಿಡಿದು ಮಡಚುತ್ತಲೇ ಇದ್ದಳು. ವಿಮಾನ ಆಚೆ ಬದಿಯಲ್ಲೇ ವಾಲಿ, ಹೊಟ್ಟೆ ತೋರಿಸಿ, ಬಯಲಿನ ಮೇಲೆ ಹೋಯಿತು. ಅದರ ಪೈಲಟ್ ಯಾರೋ, ಸರಿಯಾಗಿ ತಿರುಗಿದ್ದ.

"ಕೈಗೆ ಏನಾಯ್ತು?" ಅಂದ. ಕೇಳದೆ ಹೋಗಿಬಿಡಬಹುದಿತ್ತು.

"ನನ್ನ ತಪ್ಪಿಗೆ ಕೊಟ್ಟ ದಂಡ ಕಣಣ್ಣ." ಅವಳ ದನಿಯಲ್ಲಿ ಗೋಳಿರಲಿಲ್ಲ, ಲೆಕ್ಕ ಒಪ್ಪಿಸುವವಳ ದನಿ. "ಮೇಲೆ ತಗಡಿನ ಚಪ್ಪರ ಇತ್ತು. ಅದರ ಕಂಬಕ್ಕೇ ಹಗ್ಗ ಕಟ್ತಿದ್ವಿ. ಒದ್ದೆ ಬಟ್ಟೆ ಭಾರಕ್ಕೆ ಅದು ಅಲ್ಲಾಡ್ದೆ ನಿಂತಿರ್ತಿತ್ತು. ಬಟ್ಟೆ ಹಾಕ್ಬೇಡಿ ಅಂದವಳು ನಾನು. ಚಪ್ಪರದ ತಂತಿ ಬಿಗಿಯೋದು ಮರೆತವಳೂ ನಾನೇ. ಎಲ್ರನ್ನೂ ಮೇಲಕ್ಕೆ ಕರೆದವಳೂ ನಾನೇ. ಒಂದು ಗಾಳಿ ಬಂತು, ಹೋಯ್ತು. ನನ್ನ ಕೈ ಹೋದ್ರೆ ಹೋಗ್ಲಿ, ಇವರ ಹೊಟ್ಟೆಪಾಡೂ ಹೋಯ್ತಲ್ಲ."

"ದಿನಾ ವಿಮಾನ ಹೋಗುತ್ತೆ, ಯಾವತ್ತೂ ಚಪ್ಪರ ಹಾರ್ಲಿಲ್ಲ," ಅಂದಳು ಆಚೆ ಕೂತವಳು, ಗೋಡೆಗೆ ಹೇಳಿದಂತೆ. "ಇವಳ ಮಾತು ಕೇಳ್ಕೊಂಡು ಹೋದ ದಿನಾನೇ ಹಾರ್ತು."

ದೊಡ್ಡಕ್ಕ ತಿರುಗಿ ಉತ್ತರ ಕೊಡಲಿಲ್ಲ. ಮಾಲೀಕನ ಮುಂದೆ, ಪೊಲೀಸರ ಮುಂದೆ ಒಂದಕ್ಕೆ ಎರಡು ಕೊಡುತ್ತಿದ್ದ ಬಾಯಿ ಅದು. ನಿಜ ಟೈಲರ್‌ನ ನಾಲಿಗೆ ತುದಿಗೆ ಬಂತು. ಬಂದದ್ದನ್ನು ನುಂಗಿದ. ಬಟ್ಟೆಯನ್ನು ಅಲ್ಲೇ ಬಿಟ್ಟು, ಒದ್ದೆ ಬೂಟಿನಲ್ಲಿ ಪಚಪಚ ಸದ್ದು ಮಾಡುತ್ತ ಮನೆಗೆ ಬಂದ.

"ನೀಲಿ ಅಂಚಿನ ಹಾಸಿಗೆಬಟ್ಟೆ ಎಲ್ಲಿ ರೀ?" ಅಂತ ಹೆಂಡತಿ ಕೇಳಿದಳು. ಹಾಗೆ ಶುರುವಾಗಿ, ಎಲ್ಲವೂ ಹೊರಗೆ ಬಂತು. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದಳು.

"ನಾನು ಆ ಕೈಗೆ ಪಟ್ಟಿ ಕಟ್ಟಿದೀನಿ," ಅಂದಳು ಕೊನೆಗೆ. "ಮನೆಗೆ ಬಂದು ಅದನ್ನೇ ನಿಮಗೆ ಹೇಳಿದೀನಿ. ನೀವು ಕೂತು ನೀರು ಕುಡಿದ್ರಿ."

"ಹೇಳಿದ್ರೆ ಕೆಲಸ ಹೋಗುತ್ತೆ."

"ಹೋಗ್ಬಹುದು. ನಾನೇನು ಹೋಗ್ಲಿ ಬಿಡಿ ಅಂತ ದೊಡ್ಡ ಮಾತು ಆಡಲ್ಲ. ಮನೆ ಕಂತು ನಂಗೂ ಗೊತ್ತು. ಆದ್ರೆ ನಿಮ್ಮ ತಪ್ಪನ್ನ ಅವಳು ತನ್ನದು ಅಂತ ಹೊತ್ಕೊಂಡಿದ್ದಾಳಲ್ಲ, ಅದನ್ನಾದ್ರೂ ಹೋಗಿ ಇಳಿಸಿ ಬನ್ನಿ. ಮಿಕ್ಕಿದ್ದು ಆಮೇಲೆ."

ಮರಿಗೆ ಫೋನು ಮಾಡಿದ. ಅವನನ್ನು ಬೇರೆ ಊರಿಗೆ ಹಾಕಿದ್ದರು.

"ನೀವು ಹೌದು ಅಂದ್ರಿ, ಅದಕ್ಕೆ ನಾನೂ ಹೌದು ಅಂದೆ ಸರ್," ಅಂದ ಮರಿ. "ಈಗ ನೀವು ಇಲ್ಲ ಅಂದ್ರೆ ನೀವು ಸತ್ಯವಂತರಾಗ್ತೀರ, ನಾನು ಸುಳ್ಳುಗಾರ ಆಗ್ತೀನಿ. ನಿಮಗಾದ್ರೆ ಇಷ್ಟು ವರ್ಷದ ಹೆಸರಿದೆ. ನಂಗೆ ಸಾಲ ಬಿಟ್ರೆ ಇನ್ನೇನಿದೆ ಸರ್?"

ಅವನ ಮೇಲೆ ಕೂಗಾಡುವ ಮುಖ ಟೈಲರ್‌ಗೆ ಇರಲಿಲ್ಲ. ಮೇಲೆ ಹೋಗೋಣ ಸರ್ ಅಂದಿದ್ದವನು ಅವನೇ.

ಎರಡನೇ ಸಲ ಹೋದಾಗ ಹೆಂಗಸರು ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದರು. ದೊಡ್ಡಕ್ಕ ಬೇರೆ, ಎರಡು ಮೆಟ್ಟಿಲು ಕೆಳಗೆ. ಮೇಲೆ, ತಾರಸಿಯ ಬಾಗಿಲಿಗೆ ಬೀಗ. ಅವನು ಪೀಠಿಕೆ ಹಾಕಲಿಲ್ಲ, ಹಾಕಲು ಬರುತ್ತಿರಲಿಲ್ಲ.

"ಆ ದಿನ ಆ ವಿಮಾನ ಹಾರಿಸ್ತಿದ್ದವನು ನಾನು. ತಡವಾಗಿ ತಿರುಗಿದೆ. ನಿಮ್ಮ ಮೇಲೆ ಬರಬಾರದಿತ್ತು, ಬಂದೆ. ಚಪ್ಪರ ಹಾರಿಸಿದ್ದು ವಿಮಾನದ ರೆಕ್ಕೆಯಿಂದ ಇಳಿದ ಗಾಳಿ. ತಂತಿ ಎಷ್ಟು ಬಿಗಿದಿದ್ರೂ ನಿಲ್ತಿರಲಿಲ್ಲ."

"ಕುಡ್ಕೊಂಡು ಬಂದಿದೀಯಾ?" ಅಂದಳು ಒಬ್ಬಳು.

ನಿಮ್ಮ ಬಿಳಿ ಬಟ್ಟೆಯೇ ನಮಗೆ ಗುರುತಾಗಿತ್ತು, ಆ ದಿನ ಅದು ಕಾಣಲಿಲ್ಲ, ಹುಡುಕುತ್ತ ತಡಮಾಡಿದೆ ಅಂತ ಎಲ್ಲ ಹೇಳಿದ. ಹೇಳುತ್ತಿದ್ದಂತೆ ಅವನಿಗೇ ಅರ್ಥವಾಯಿತು, ತಪ್ಪನ್ನು ಮತ್ತೆ ಮುಷ್ಕರದ ತಲೆಗೇ ಕಟ್ಟುತ್ತಿದ್ದೇನೆ ಅಂತ. ತಡವರಿಸಿದ. "ಬಟ್ಟೆ ಇಲ್ಲದ್ದು ಕಾರಣ ಅಲ್ಲ. ಹಲಗೆ ಕಾಣ್ತಿತ್ತು. ಮೇಲೆ ಹೋಗೋಣ ಅಂತ ಪಕ್ಕದವನು ಹೇಳಿದ. ಜನ ನಗ್ತಾರೆ ಅಂತ ನಾನು ಹೋಗಲಿಲ್ಲ. ವಿಚಾರಣೇಲಿ ಸುಳ್ಳು ಹೇಳಿದೆ."

ದೊಡ್ಡಕ್ಕ ಲೋಟ ಕೆಳಗಿಟ್ಟಳು.

"ಡ್ರೈವರ್ ಅಂದ್ಯಲ್ಲ."

"ತಪ್ಪಾಯ್ತಕ್ಕ."

"ಅಕ್ಕ ಗಿಕ್ಕ ಅನ್ಬೇಡ ನನ್ನ." ದನಿ ಏರಲಿಲ್ಲ. "ನನ್ನ ಕೈಯಲ್ಲೇ ಬಟ್ಟೆ ಹಿಂಡಿಸ್ಕೊಂಡು, ನನ್ನ ತಪ್ಪು ನನ್ನ ತಪ್ಪು ಅಂತ ನಾನು ಹೇಳ್ಕೊಳ್ಳೋದನ್ನ ನಿಂತು ಕೇಳಿಸ್ಕೊಂಡೆ ನೀನು. ತಗಡು ಬಿದ್ದಾಗ ಇಷ್ಟು ನೋವಾಗಿರ್ಲಿಲ್ಲ."

ಅವನು ತಲೆ ತಗ್ಗಿಸಿದ.

"ಕ್ಷಮಿಸು ಅಂತ ಕೇಳೋಕೆ ಬಂದಿದ್ರೆ, ಅದು ನನ್ನ ಹತ್ರ ಇಲ್ಲ. ನನ್ನ ಮುಂದೆ ಹೇಳಿದ್ರೆ ಬೀಗ ತೆಗೆಯುತ್ತಾ? ಆಫೀಸಿಗೆ ನಡಿ. ಎಲ್ಲಿ ಹೌದು ಅಂದ್ಯೋ ಅಲ್ಲೇ ನಿಂತು ಇಲ್ಲ ಅನ್ನು." ಎದ್ದಳು. ಎರಡು ಮೆಟ್ಟಿಲು ಮೇಲೆ ಕೂತಿದ್ದವಳು, ಗೋಡೆಗೆ ಮಾತಾಡಿದ್ದವಳು, ದಡಬಡ ಇಳಿದು ಬಂದು ದೊಡ್ಡಕ್ಕನ ಸೆರಗು ಸರಿಮಾಡಿದಳು. "ತಡಿ, ನಾನೂ ಬರ್ತೀನಿ," ಅಂದಳು. ಎಷ್ಟೋ ದಿನಗಳ ಮೇಲೆ ಅವಳಾಡಿದ ಮೊದಲ ನೇರ ಮಾತು. ದೊಡ್ಡಕ್ಕನಿಗೆ ಅವನಿಂದ ಸಿಕ್ಕಿದ ಲಾಭ ಅಂದರೆ ಇಷ್ಟೇ. ಕಡಿಮೆಯೇನಲ್ಲ, ಸಾಲುವುದೂ ಇಲ್ಲ.

ಆಫೀಸಿನಲ್ಲಿ ಅದೇ ಮೇಜು, ಅದೇ ಅಧಿಕಾರಿ. ಟೈಲರ್ ನಿಂತೇ ಹೇಳಿದ. ಅಧಿಕಾರಿ ಹೆಂಗಸರನ್ನೊಮ್ಮೆ, ಅವನನ್ನೊಮ್ಮೆ ನೋಡಿದ.

"ಫೈಲು ಮುಚ್ಚಿದೆ ಕ್ಯಾಪ್ಟನ್. ಮಾಮೂಲಿ ದಾರಿ ಅಂತ ನೀವೇ ಹೇಳಿದ್ರಿ, ನಿಮ್ಮ ಜೊತೆಗಾರರೂ ಹೇಳಿದ್ರು. ಈಗ ನಿಮ್ಮ ಮಾತಿಗೆ ನೀವೇ ಎದುರು ನಿಂತ್ರೆ ಯಾವುದನ್ನ ನಂಬೋದು? ಹೊರಗಿನವರು ಯಾರಾದ್ರೂ ಕಂಡವರು ಬಂದು ಹೇಳ್ಬೇಕು."

"ನಾವು ಕಂಡಿದೀವಿ," ಅಂದಳು ದೊಡ್ಡಕ್ಕ. "ನಮ್ಮ ತಲೆ ಮೇಲೇ ಹೋಯ್ತು."

"ನೀವು ದೂರು ಕೊಟ್ಟವರಮ್ಮ. ನಿಮ್ಮನ್ನ ಸಾಕ್ಷಿ ಅನ್ನೋಕಾಗಲ್ಲ."

ಕೈ ಮುರಿಸಿಕೊಂಡವಳು ಸಾಕ್ಷಿ ಆಗುವುದಿಲ್ಲ. ಇಂಥ ಕಾನೂನು ಮಾಡಿದವರು ಯಾರು ಅಂತ ಕೇಳುವುದನ್ನು ನಾವು ಎಂದೋ ಬಿಟ್ಟಿದ್ದೇವೆ. ಸಾಕ್ಷಿ ಬೇಕು ಅಂದರು, ತರಬೇಕು ಅಷ್ಟೇ.

ಕಂಪನಿ ಟೈಲರ್‌ಗೆ ವಿಶ್ರಾಂತಿ ಬೇಕು ಅಂತ ಕಾಗದ ಕೊಟ್ಟು ನೆಲಕ್ಕೆ ಇಳಿಸಿತು. ಹೆಂಡತಿಯ ಸಂಬಳದಲ್ಲಿ ಮನೆ ನಡೆಯುತ್ತಿದೆ. ಹೆಂಗಸರು ಆಫೀಸಿಗೆ ಹೋದಾಗಲೆಲ್ಲ ಅವನೂ ಹೋಗಿ ಹಿಂದೆ ನಿಲ್ಲುತ್ತಾನೆ. ಯಾರೂ ಅವನನ್ನು ಮುಂದೆ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ದೊಡ್ಡಕ್ಕ ಅವನ ಹತ್ತಿರ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ: "ನಾಳೆ ಬಾ", "ಆ ತುದಿ ಹಿಡ್ಕೋ". ನೀಲಿ ಅಂಚಿನ ಹಾಸಿಗೆಬಟ್ಟೆಯನ್ನು ಒಗೆದು ಮಡಚಿ ಕೊಟ್ಟಿದ್ದಾಳೆ. ಒಗೆದದ್ದಕ್ಕೆ ಕೂಲಿ ತಗೊಂಡೇ ಕೊಟ್ಟಳು.

ಇನ್ನು ನಿಮ್ಮ ವಿಷಯ. ಸರಿಯಾಗಿ ತಿರುಗಿದ ವಿಮಾನದ ಬಲಗಡೆ ಕಿಟಕಿಯಿಂದ ಆ ತಾರಸಿ ಕಾಣುವುದೇ ಇಲ್ಲ. ಅದು ಎಡಕ್ಕೆ ಉಳಿಯುತ್ತದೆ. ಬಲಗಡೆ ಕಂಡಿತು ಅಂತ ಒಬ್ಬ ಪ್ರಯಾಣಿಕ ಬಂದು ಹೇಳಿದರೆ ಮುಚ್ಚಿದ ಫೈಲು ತೆರೆಯುತ್ತದೆ, ಬೀಗ ತೆರೆಯುತ್ತದೆ, ಕೂಲಿ ತಡೆಯಲು ಮಾಲೀಕನಿಗೆ ನೆಪ ಉಳಿಯುವುದಿಲ್ಲ. ಕೈ ಕುಲುಕಿದ ಕನ್ನಡಕದ ಹಿರಿಯರ ಹೆಸರು ಟೈಲರ್‌ಗೆ ಗೊತ್ತಿಲ್ಲ, ಪ್ರಯಾಣಿಕರ ಪಟ್ಟಿಯನ್ನು ಕಂಪನಿ ಕೊಡುವುದಿಲ್ಲ. ಆದರೆ ಅವತ್ತು ಆ ಕಡೆಯ ಕಿಟಕಿಗಳ ಪಕ್ಕ ಸಾಲು ಸಾಲು ಜನ ಕೂತಿದ್ದರು. ಬಟ್ಟೆ ಒಗೆಯುವವರ ಮುಖ ಕಂಡೆವು ಅಂತ ಮನೆಮನೆಯಲ್ಲಿ ಬಣ್ಣ ಕಟ್ಟಿ ಹೇಳಿರುತ್ತಾರೆ. ಅದನ್ನು ನೀವು ಯಾರ ಬಾಯಲ್ಲಾದರೂ ಕೇಳಿದ್ದರೆ, ಅವರನ್ನು ಕೈ ಹಿಡಿದು ಕರೆದುಕೊಂಡು ಬನ್ನಿ. ಕೂತಿದ್ದವರು ನೀವೇ ಆಗಿದ್ದರೆ ಚಪ್ಪಾಳೆ ತಟ್ಟಿದ್ದೀರಿ. ಅದೇ ಕೈ ಎತ್ತಿ, ಕಂಡದ್ದನ್ನು ಬಂದು ಹೇಳಿ.